ಅಟ್ಟದ ಪೆಟ್ಟಿಗೆಯನ್ನೊಮ್ಮೆ ಇಳಿಸಿ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಅರ್ಧ ಎಕರೆ, ಒಂದು ಎಕರೆಯ ಕೃಷಿಕರಿಗೊಂದು ಮಾತು. ಅಡಿಕೆಗೆ ಮದ್ದು ಬಿಡುವ ಗಡಿಬಿಡಿ ಮುಗಿದ ಮೇಲೆ ಅಟ್ಟದ ಹಳೆಯ ಪೆಟ್ಟಿಗೆಯನ್ನು ಕೆಳಗಿಳಿಸಿ.

ಭೂಸುಧಾರಣಾ ಕಾನೂನಿನಂತೆ 1974ರ ಮಾರ್ಚ್ 1ರಿಂದ ಗೇಣಿ ಜಮೀನು ಸರಕಾರಕ್ಕೆ ಸೇರಿತು. ಅದನ್ನು ತನ್ನ ಹೆಸರಿಗೆ ಮಾಡಿಕೊಳ್ಳಲು ಅಜ್ಜ ಫಾರಂ 7ರಲ್ಲಿ ಡಿಕ್ಲರೇಶನ್ ಕೊಟ್ಟು, ಭೂ ನ್ಯಾಯಮಂಡಳಿಯ ಮುಂದೆ ನಿಂತು ಗೆದ್ದ ಆದೇಶ, ಫಾರಂ 10ರ ಸರ್ಟಿಫಿಕೇಟು ಪೆಟ್ಟಿಗೆಯಲ್ಲಿದೆಯೇ ನೋಡಿ. ಗೆದ್ದಲು ಹಿಡಿದಿದ್ದರೆ ದೃಢೀಕೃತ ನಕಲಿಗೆ ಇಂದೇ ಅರ್ಜಿ ಹಾಕಿ.

ಆರ್‌ಟಿಸಿಯ 9ನೇ ಕಾಲಂ ಓದಿ. ಅಲ್ಲಿ ಇನ್ನೂ ಅಜ್ಜನ ಹೆಸರೇ ಇದ್ದರೆ ನಾಳಿನ ತಕರಾರಿಗೆ ಅದೇ ಬೀಜ. ಆರ್‌ಟಿಸಿ ನಮೂದು ಸರಿಯೆಂದೇ ಕಾನೂನು ಮೊದಲು ಭಾವಿಸುತ್ತದೆ. ಆದರೆ ಅದೊಂದೇ ಒಡೆತನಕ್ಕೆ ಆಧಾರವಲ್ಲ, ಮೂಲ ದಾಖಲೆ ಬೇಕು. ಕುಮ್ಕಿಯಿಂದ ಸೊಪ್ಪು ತಂದ ಮಾತ್ರಕ್ಕೆ ಅದು ವರ್ಗ ಜಾಗವಾಗದು; ಕುಮ್ಕಿ ಸರಕಾರದ್ದೇ.

ಅಣ್ಣ-ತಮ್ಮಂದಿರ ಪಾಲು ಬಾಯಿಮಾತಿನಲ್ಲಿ ನಿಲ್ಲದಿರಲಿ. ಪಾಲುಪಟ್ಟಿ ನೋಂದಾಯಿಸಿ, ಅಳತೆ ಮಾಡಿಸಿ, ನಕ್ಷೆ ಪಡೆಯಿರಿ. ಅಕ್ಕ-ತಂಗಿಯರ ಹಕ್ಕನ್ನು ಮರೆಯಬೇಡಿ.

ನೋಟಿಸು ಬಂದರೆ ಮೂಲೆಗೆ ಸಿಕ್ಕಿಸಬೇಡಿ. ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ಮಹಿಳೆಯರಿಗೆ, ಪರಿಶಿಷ್ಟರಿಗೆ, ಕಡಿಮೆ ಆದಾಯದವರಿಗೆ ವಕೀಲರ ನೆರವು ಉಚಿತ.

ಗೇಣಿದಾರನನ್ನು ಒಡೆಯನನ್ನಾಗಿಸಿದ ಕಾನೂನು ಅವನ ಗಡಿಗುರುತನ್ನೂ ಕಾಯಬೇಕು. ಸಣ್ಣ ಹಿಡುವಳಿಗಳ ಅಳತೆ, ಪೋಡಿ ಸರಕಾರದ ಖರ್ಚಿನಲ್ಲೇ ಕಾಲಮಿತಿಯೊಳಗೆ ಮುಗಿಯಲೆಂದು ಗ್ರಾಮಸಭೆಯಲ್ಲಿ ಕೇಳಿ. ಅಲ್ಲಿಯವರೆಗೆ ನಿಮ್ಮ ಕಾಗದಕ್ಕೆ ನೀವೇ ಕಾವಲು.