ಅಪರಿಚಿತರಲ್ಲಿ ನಂಟರೆಷ್ಟು ಮಂದಿ?

ರೈಲಿನಲ್ಲಿಯೋ ಬಸ್ಸಿನಲ್ಲಿಯೋ ಪಕ್ಕದಲ್ಲಿ ಕುಳಿತವರನ್ನು "ತಮ್ಮದು ಯಾವ ಊರು? ಯಾರ ಮನೆಯವರು?" ಎಂದು ವಿಚಾರಿಸುವುದು ನಮ್ಮ ನಾಡಿನ ಹಳೆಯ ರೂಢಿ. ಊರಿನಿಂದ ಮನೆತನಕ್ಕೆ, ಮನೆತನದಿಂದ ಸೋದರಮಾವನ ಬೀಗರಿಗೆ ಮಾತು ಹರಿಯುತ್ತದೆ, ಕೆಲವು ವೇಳೆ, "ಹಾಗಾದರೆ ನಿಮ್ಮ ಮುತ್ತಜ್ಜಿಯೂ ನಮ್ಮ ಮುತ್ತಜ್ಜನೂ ಒಡಹುಟ್ಟಿದವರು!" ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಆಗ ಇಬ್ಬರಿಗೂ ಆಗುವ ವಿಸ್ಮಯ ಅಷ್ಟಿಷ್ಟಲ್ಲ. ಅದನ್ನು ಋಣಾನುಬಂಧವೆಂದು ಕರೆದು ಸಂತೋಷಪಡುವವರುಂಟು. ಆ ಸಂತೋಷಕ್ಕೆ ನಾವು ಅಡ್ಡಬರುವುದಿಲ್ಲ. ಆದರೆ ವಿಜ್ಞಾನದ ವಿದ್ಯಾರ್ಥಿಗಳು ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕು: ಇಂಥ ಭೇಟಿ ನಿಜವಾಗಿ ಎಷ್ಟು ಅಪರೂಪ? ಉತ್ತರಕ್ಕೆ ಬೇಕಾದುದು ಗುಣಾಕಾರ ಮತ್ತು ಸ್ವಲ್ಪ ತಾಳ್ಮೆ, ಅಷ್ಟೆ.

ನಂಟರ ಎಣಿಕೆ

ಲೆಕ್ಕ ಸುಲಭವಾಗಲೆಂದು, ಪ್ರತಿಯೊಂದು ದಂಪತಿಗಳಿಗೂ ಬೆಳೆದು ಸಂಸಾರ ಹೂಡಿದ ಮೂವರು ಮಕ್ಕಳಿದ್ದರೆಂದು ಭಾವಿಸೋಣ. ತಂದೆಗೆ ಇಬ್ಬರು ಒಡಹುಟ್ಟಿದವರು, ಅವರಿಗೆ ತಲಾ ಮೂವರು ಮಕ್ಕಳು, ಒಟ್ಟು 6. ತಾಯಿಯ ಕಡೆಯಿಂದಲೂ 6. ಹೀಗೆ ಒಂದೇ ಅಜ್ಜ ಅಜ್ಜಿಯರಿಗೆ ಮೊಮ್ಮಕ್ಕಳಾದ, ನಮ್ಮದೇ ತಲೆಮಾರಿನ ನಂಟರು 12 ಮಂದಿ. ಇವರನ್ನು ಮೊದಲನೆಯ ಸುತ್ತಿನವರೆಂದು ಕರೆಯೋಣ.

ಒಂದು ಮೆಟ್ಟಿಲು ಹಿಂದಕ್ಕೆ ಹೋದರೆ ಮುತ್ತಜ್ಜ ಮುತ್ತಜ್ಜಿಯರ ಜೋಡಿಗಳು ನಾಲ್ಕು. ನಮ್ಮ ಅಜ್ಜ ಅಥವಾ ಅಜ್ಜಿಯನ್ನು ಬಿಟ್ಟು ಪ್ರತಿ ಜೋಡಿಗೆ ಇನ್ನಿಬ್ಬರು ಮಕ್ಕಳು, ಆರು ಮೊಮ್ಮಕ್ಕಳು, ಹದಿನೆಂಟು ಮರಿಮಕ್ಕಳು. ನಾಲ್ಕು ಜೋಡಿಗಳಿಂದ 72. ಇದು ಎರಡನೆಯ ಸುತ್ತು. ಹಿಂದಕ್ಕೆ ಹೋದಂತೆಲ್ಲ ಪೂರ್ವಿಕರ ಜೋಡಿಗಳು ಇಮ್ಮಡಿಯಾಗುತ್ತವೆ, ಅವರ ಸಂತತಿ ಮುಮ್ಮಡಿಯಾಗುತ್ತದೆ. ಆದುದರಿಂದ ಪ್ರತಿ ಸುತ್ತಿನಲ್ಲಿಯೂ ನಂಟರ ಸಂಖ್ಯೆ ಆರು ಪಟ್ಟು ಹೆಚ್ಚುತ್ತದೆ. ಮೂರನೆಯ ಸುತ್ತಿನಲ್ಲಿ 432, ನಾಲ್ಕನೆಯದರಲ್ಲಿ 2,592, ಐದನೆಯದರಲ್ಲಿ 15,552. ಐದು ಸುತ್ತುಗಳ ಮೊತ್ತ 18,660! ತಲೆಮಾರಿಗೆ 25 ವರ್ಷವೆಂದಿಟ್ಟುಕೊಂಡರೆ ಇವರೆಲ್ಲರೂ ಕಳೆದ 150 ವರ್ಷಗಳೊಳಗೆ ಕವಲೊಡೆದವರು. ಇವರಲ್ಲಿ ನಾವು ಹೆಸರಿಡಿದು ಕರೆಯಬಲ್ಲವರು ಎಷ್ಟು ಮಂದಿ?

ರೈಲಿನ ಡಬ್ಬಿಯಲ್ಲಿ

ಈಗ ಎರಡು ಮೂರು ಜಿಲ್ಲೆಗಳಲ್ಲಿ ಹರಡಿಕೊಂಡು ತಮ್ಮೊಳಗೇ ಹೆಣ್ಣು ಕೊಟ್ಟು ತರುವ ಒಂದು ಸಮುದಾಯವನ್ನು ಕಲ್ಪಿಸಿಕೊಳ್ಳೋಣ. ನಮ್ಮ ತಲೆಮಾರಿನವರು ಅದರಲ್ಲಿ 6 ಲಕ್ಷ ಮಂದಿ ಇರಲಿ. ಜಾತ್ರೆಗೆ ಹೊರಟ ಒಂದು ರೈಲು ಡಬ್ಬಿಯಲ್ಲಿ ನಾವಲ್ಲದೆ ಈ ತಲೆಮಾರಿನ 70 ಮಂದಿ ಕುಳಿತಿದ್ದಾರೆ. ಅವರಲ್ಲಿ ಯಾರೊಬ್ಬರನ್ನೇ ತೆಗೆದುಕೊಂಡರೂ ಅವರು ಐದು ಸುತ್ತಿನೊಳಗಿನ ನಂಟರಾಗಿರುವ ಸಂಭವನೀಯತೆ 18,660ನ್ನು 6,00,000ದಿಂದ ಭಾಗಿಸಿದಷ್ಟು, ಎಂದರೆ ಸುಮಾರು 0.031, ಆಗದಿರುವ ಸಂಭವನೀಯತೆ 0.969. ಎಪ್ಪತ್ತು ಮಂದಿಯೂ ನಂಟರಾಗದಿರಬೇಕಾದರೆ 0.969 ಎಂಬುದನ್ನು ಎಪ್ಪತ್ತು ಸಲ ಬರೆದು ಒಂದಕ್ಕೊಂದು ಗುಣಿಸಬೇಕು. ಫಲ ಸುಮಾರು 0.11. ಅಂದಮೇಲೆ ಡಬ್ಬಿಯಲ್ಲಿ ನಮ್ಮ ನಂಟರೊಬ್ಬರಾದರೂ ಇರುವ ಸಂಭವ ನೂರಕ್ಕೆ 89.

ಹಾಗಾದರೆ ಪ್ರತಿ ಪ್ರಯಾಣದಲ್ಲಿಯೂ ನಂಟರು ಏಕೆ ಸಿಕ್ಕುವುದಿಲ್ಲ? ಸಿಕ್ಕುತ್ತಾರೆ, ಗುರುತು ಹತ್ತುವುದಿಲ್ಲ. ಮುತ್ತಜ್ಜನವರೆಗೆ ಮಾತ್ರ ತಿಳಿದವರು ಎರಡು ಸುತ್ತಿನ 84 ಮಂದಿಯನ್ನಷ್ಟೇ ಗುರುತಿಸಬಲ್ಲರು. ಆ 84ರಿಂದ ಇದೇ ಲೆಕ್ಕ ಮಾಡಿದರೆ ನೂರಕ್ಕೆ 89 ಇದ್ದ ಸಂಭವ ನೂರಕ್ಕೆ 1ಕ್ಕೆ ಇಳಿಯುತ್ತದೆ. ಮುತ್ತಜ್ಜನ ತಂದೆತಾಯಿಗಳನ್ನೂ ಅವರ ಸಂತತಿಯನ್ನೂ ಅರಿತಿದ್ದರೆ ಅದು ನೂರಕ್ಕೆ 6ರಷ್ಟಾಗುತ್ತದೆ. ವಿಸ್ಮಯದ ಮೂಲ ಇಲ್ಲಿದೆ. ನಂಟು ಅಪರೂಪವಲ್ಲ, ನಂಟಿನ ಅರಿವು ಅಪರೂಪ.

ಇನ್ನೊಂದು ಸೂಕ್ಷ್ಮವನ್ನೂ ಗಮನಿಸಬೇಕು. "ನಮಗೆ ನಂಟರು ಸಿಕ್ಕುವುದು" ಬೇರೆ, "ಡಬ್ಬಿಯಲ್ಲಿ ಯಾರಿಗಾದರೂ ಯಾರಾದರೂ ನಂಟರಾಗುವುದು" ಬೇರೆ. ನಮ್ಮನ್ನೂ ಸೇರಿಸಿ 71 ಮಂದಿಯನ್ನು ಇಬ್ಬಿಬ್ಬರಂತೆ ಜೋಡಿಸಿದರೆ 2,485 ಜೋಡಿಗಳಾಗುತ್ತವೆ. ಎರಡು ಸುತ್ತಿನೊಳಗಿನ ನಂಟು ಇವುಗಳಲ್ಲಿ ಒಂದರಲ್ಲಾದರೂ ಇರುವ ಸಂಭವ ನೂರಕ್ಕೆ 29. ಒಂದು ಕೊಠಡಿಯಲ್ಲಿ 23 ಮಂದಿ ಇದ್ದರೆ ಅವರಲ್ಲಿ ಇಬ್ಬರ ಹುಟ್ಟಿದ ದಿನ ಒಂದೇ ಆಗಿರುವ ಸಂಭವ ಅರ್ಧಕ್ಕಿಂತ ಹೆಚ್ಚೆಂಬ ಪ್ರಸಿದ್ಧ ಲೆಕ್ಕದ ಹಿಂದಿರುವುದೂ ಇದೇ ತತ್ತ್ವ. ನಂಟು ತಿಳಿದುಬಂದ ಒಂದು ಭೇಟಿಯ ಕಥೆ ಊರೆಲ್ಲ ಹಬ್ಬುತ್ತದೆ. ತಿಳಿಯದೆ ಕಳೆದುಹೋದ ನೂರು ಭೇಟಿಗಳ ಕಥೆಯನ್ನು ಹೇಳುವವರಾರು?

ಇನ್ನೂ ಹಿಂದಕ್ಕೆ

ಐದು ಸುತ್ತಿಗೆ ನಿಲ್ಲದೆ ಮುಂದುವರಿದರೆ ಏನಾಗುವುದು? ಹತ್ತು ತಲೆಮಾರು ಹಿಂದೆ ಪೂರ್ವಿಕರ ಸ್ಥಾನಗಳು 1,024. ಇಪ್ಪತ್ತು ತಲೆಮಾರು ಹಿಂದೆ 10 ಲಕ್ಷಕ್ಕೂ ಮಿಗಿಲು. ಮೂವತ್ತಕ್ಕೆ, ಎಂದರೆ ಸುಮಾರು 750 ವರ್ಷಗಳ ಹಿಂದಕ್ಕೆ, 107 ಕೋಟಿ. ಆ ಕಾಲದಲ್ಲಿ ಇಡೀ ಪ್ರಪಂಚದ ಜನಸಂಖ್ಯೆ 50 ಕೋಟಿಯನ್ನೂ ಮುಟ್ಟಿರಲಿಲ್ಲ! ಈ ವಿರೋಧಕ್ಕೆ ಪರಿಹಾರ ಒಂದೇ: ಒಬ್ಬ ವ್ಯಕ್ತಿಯೇ ನಮ್ಮ ವಂಶವೃಕ್ಷದ ಅನೇಕ ಸ್ಥಾನಗಳಲ್ಲಿ ಮರಳಿ ಮರಳಿ ಬರುತ್ತಾನೆ. ಸೋದರತ್ತೆಯ ಮಗನಿಗೆ ಹೆಣ್ಣು ಕೊಡುವ ವಾಡಿಕೆಯಲ್ಲಿ ಇದನ್ನು ಕಣ್ಣಾರೆ ಕಾಣಬಹುದು. ಅಂಥ ದಂಪತಿಗಳ ಮಗುವಿಗೆ ಮುತ್ತಜ್ಜ ಮುತ್ತಜ್ಜಿಯರ ಸ್ಥಾನಗಳು ಎಂಟು, ವ್ಯಕ್ತಿಗಳು ಆರು.

ಒಂದು ಸಮುದಾಯದಲ್ಲಿ ಮದುವೆಗಳು ಯಾವ ಕಟ್ಟೂ ಇಲ್ಲದೆ ನಡೆದರೆ, 10 ಲಕ್ಷ ಜನರಿಗೆಲ್ಲ ಪೂರ್ವಿಕನಾದ ಒಬ್ಬನನ್ನು ಕಾಣಲು ಸುಮಾರು 20 ತಲೆಮಾರು ಹಿಂದೆ ಹೋದರೆ ಸಾಕೆಂದು ಗಣಿತಜ್ಞ ಜೋಸೆಫ್ ಚಾಂಗ್ 1999ರಲ್ಲಿ ತೋರಿಸಿದರು. ನಿಜ ಪ್ರಪಂಚದಲ್ಲಿ ನದಿ, ಬೆಟ್ಟ, ಭಾಷೆ, ಜಾತಿಗಳ ಕಟ್ಟುಗಳಿವೆ; ಅವು ಈ ಕಾಲವನ್ನು ಹಿಂದಕ್ಕೆ ತಳ್ಳುತ್ತವೆ, ಆದರೆ ಇಲ್ಲವಾಗಿಸುವುದಿಲ್ಲ. ಭಾರತದ ಅನೇಕ ಸಮುದಾಯಗಳ ಡಿಎನ್ಎಯನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟವಾದ ಅಧ್ಯಯನವೊಂದು, ಸುಮಾರು 4,200 ವರ್ಷಗಳಿಂದ 1,900 ವರ್ಷಗಳ ಹಿಂದಿನವರೆಗೆ ಇಲ್ಲಿ ಜನಗಳು ವ್ಯಾಪಕವಾಗಿ ಬೆರೆತರೆಂದೂ, ತಮ್ಮೊಳಗೇ ಮದುವೆಯಾಗುವ ಕಟ್ಟುಪಾಡು ಬಿಗಿಯಾದುದು ಅನಂತರವೆಂದೂ ತಿಳಿಸಿತು. ಕುಲದ ಹೆಮ್ಮೆಯನ್ನು ಹೊತ್ತು ತಿರುಗುವವರು ಈ ಅಂಕಿಗಳನ್ನು ಒಮ್ಮೆ ನೋಡುವುದು ಒಳ್ಳೆಯದು.

ನೆನಪಿನ ಕಣಜ

ನಂಟಿನ ಗುರುತನ್ನು ದೇಹವೇ ಕಾಪಾಡುವುದಿಲ್ಲವೆ ಎಂದು ವಾಚಕರು ಕೇಳಬಹುದು. ಮೊದಲನೆಯ ಸುತ್ತಿನ ನಂಟರಲ್ಲಿ ಸರಾಸರಿ ಎಂಟನೆಯ ಒಂದು ಪಾಲು ಡಿಎನ್ಎ ಸಮಾನ; ಎರಡನೆಯ ಸುತ್ತಿನಲ್ಲಿ ಮೂವತ್ತೆರಡರಲ್ಲಿ ಒಂದು; ಮೂರನೆಯದರಲ್ಲಿ ನೂರಿಪ್ಪತ್ತೆಂಟರಲ್ಲಿ ಒಂದು. ಐದನೆಯ ಸುತ್ತಿಗೆ ಬರುವ ವೇಳೆಗೆ ಬಹುಮಂದಿಯಲ್ಲಿ ಗುರುತಿಸಬಹುದಾದ ಸಮಾನ ತುಣುಕೇ ಉಳಿದಿರುವುದಿಲ್ಲ. ದೇಹ ಮರೆತುದನ್ನು ಮನುಷ್ಯರು ಮಾತಿನಲ್ಲಿಯೂ ಬರವಣಿಗೆಯಲ್ಲಿಯೂ ಕಾಪಾಡಬೇಕು.

ಆ ಕೆಲಸಕ್ಕೆಂದೇ ಮೀಸಲಾದವರು ನಮ್ಮಲ್ಲುಂಟು. ಎತ್ತುಗಳೊಡನೆ ಊರೂರು ತಿರುಗುವ ಹೆಳವರು ಒಕ್ಕಲು ಮನೆಗಳ ವಂಶಾವಳಿಯನ್ನು ಹೇಳಿ, ಹೊಸದಾಗಿ ಹುಟ್ಟಿದವರ ಹೆಸರನ್ನು ಸೇರಿಸಿಕೊಂಡು, ಕಾಳುಕಡಿ ಪಡೆದು ಮುಂದಿನ ಊರಿಗೆ ಹೋಗುತ್ತಾ ಬಂದವರು. ಹರಿದ್ವಾರದ ಪಂಡರು ಯಾತ್ರಿಕರ ಕುಟುಂಬಗಳ ವಿವರವನ್ನು ವಹಿಗಳಲ್ಲಿ ಬರೆದಿಟ್ಟಿದ್ದಾರೆ. ಅಲ್ಲಿಗೆ ಹೋದವರಿಗೆ ತಮ್ಮ ಅಜ್ಜನ ರುಜುವೇ ಎದುರಾಗುವುದುಂಟು. ಆದರೆ ಇಂಥ ದಾಖಲೆಗಳು ಸಾಮಾನ್ಯವಾಗಿ ಗಂಡುಸಂತಾನದ ಎಳೆಯನ್ನೇ ಹಿಡಿದು ಸಾಗುತ್ತವೆ. ಮುತ್ತಜ್ಜ ಮುತ್ತಜ್ಜಿಯರ ತಂದೆತಾಯಿಗಳ ಎಂಟು ಜೋಡಿಗಳಲ್ಲಿ ಆ ಎಳೆಯ ಮೇಲೆ ಬರುವುದು ಒಂದೇ ಜೋಡಿ. ಉಳಿದ ಏಳು ಜೋಡಿಗಳ ಸುದ್ದಿ ಇರುವುದು ಬಹುಮಟ್ಟಿಗೆ ಮನೆಯ ಹಿರಿಯ ಹೆಂಗಸರ ನೆನಪಿನಲ್ಲಿ. ಅವರು ತೀರಿಕೊಂಡರೆ ಆ ನೆನಪೂ ತೀರಿತು. ನೂರಕ್ಕೆ 6 ಇದ್ದ ಸಂಭವ ನೂರಕ್ಕೆ 1ಕ್ಕೆ ಕುಸಿಯುವುದು ಹೀಗೆಯೇ.

ವಾಚಕರು ಈ ತಿಂಗಳು ಒಂದು ಪ್ರಯೋಗವನ್ನು ಮಾಡಿ ನೋಡಬಹುದು. ಒಂದು ದೊಡ್ಡ ಹಾಳೆಯ ಕೆಳಗೆ ತಮ್ಮ ಹೆಸರನ್ನು ಬರೆದು, ಅದರ ಮೇಲೆ ಸಾಲಾಗಿ 2, 4, 8, 16 ಮನೆಗಳನ್ನು ಎಳೆಯಲಿ. ತಿಳಿದ ಹೆಸರುಗಳನ್ನು ತುಂಬಿ, ಖಾಲಿ ಉಳಿದ ಮನೆಗಳನ್ನು ಎಣಿಸಲಿ. ಬಳಿಕ ಆ ಹಾಳೆಯನ್ನು ಹಿಡಿದು ಅಜ್ಜಿಯ ಬಳಿ ಕುಳಿತುಕೊಳ್ಳಲಿ; ಅವರ ತವರೂರು ಯಾವುದು, ಅವರ ತಾಯಿಯ ತವರೂರು ಯಾವುದು ಎಂಬಲ್ಲಿಂದ ಪ್ರಶ್ನೆ ಆರಂಭವಾಗಲಿ.