ಕಾಡುಬಾತು ಬೇಟೆಗೆ ಲೈಸೆನ್ಸ್ ಸಿಗುತ್ತದೆಯೇ?

ಪ್ರಶ್ನೆ: ದಢೇಸುಗೂರಿನ ರೈತ. ಚಳಿಗಾಲದಲ್ಲಿ ನಮ್ಮ ಗದ್ದೆಗೆ, ಹೊಳೆ ದಂಡೆಗೆ ಕಾಡುಬಾತುಗಳು ಬರುತ್ತವೆ. ಗೆಳೆಯನ ಬಳಿ ಬೆಳೆ ರಕ್ಷಣೆಯ ಬಂದೂಕಿದೆ. ಬೇಟೆ ಶುರು ಮಾಡಬೇಕೆಂದಿದ್ದೇನೆ. ಏನೇನು ಅನುಮತಿ ಬೇಕು?

ವಕೀಲರ ಉತ್ತರ: ದಯವಿಟ್ಟು ಶುರು ಮಾಡಬೇಡಿ. ಮೋಜಿಗೋ ಮಾಂಸಕ್ಕೋ ಬಾತು ಹೊಡೆಯಲು ನಮ್ಮ ದೇಶದಲ್ಲಿ ಲೈಸೆನ್ಸೇ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 9ನೇ ಕಲಂ ಇದನ್ನು ನಿಷೇಧಿಸಿದೆ. ಗುಂಡು ಹಾರಿಸುವುದಷ್ಟೇ ಬೇಟೆಯಲ್ಲ. ಬಲೆ, ಉರುಲು, ವಿಷ ಹಾಕಿದ ಕಾಳು, ಮೊಟ್ಟೆ ತೆಗೆಯುವುದು, ಕೊನೆಗೆ ಹಿಡಿಯುವ ಪ್ರಯತ್ನವೂ ಬೇಟೆಯೇ. 2022ರ ತಿದ್ದುಪಡಿಯ ನಂತರ ಸಾಮಾನ್ಯ ಅಪರಾಧಕ್ಕೇ 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಮೊದಲ ಅನುಸೂಚಿಯ ಹಕ್ಕಿಯಾದರೆ ಶಿಕ್ಷೆ ಇನ್ನೂ ಕಠಿಣ. ಬೈಕು, ಬಂದೂಕು ಜಪ್ತಿಯಾಗುತ್ತವೆ. ಬೆಳೆ ರಕ್ಷಣೆಯ ಲೈಸೆನ್ಸ್ ಗೆಳೆಯನ ಹೆಸರಿನದು. ಆ ಬಂದೂಕನ್ನು ನೀವು ಬಳಸಿದರೆ ಶಸ್ತ್ರಾಸ್ತ್ರ ಕಾಯ್ದೆಯಡಿ ಇಬ್ಬರ ಮೇಲೂ ಕೇಸು ಬೀಳಬಹುದು.

ಸಸಿಮಡಿಗೆ ಹಕ್ಕಿಗಳಿಂದ ಹಾನಿಯಾಗುತ್ತಿದ್ದರೆ ಫೋಟೊ ತೆಗೆದು, ವಲಯ ಅರಣ್ಯಾಧಿಕಾರಿಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಮಿನುಗುವ ರಿಬ್ಬನ್ ಕಟ್ಟಿ, ತಮಟೆ ಬಾರಿಸಿ ಓಡಿಸಿ.

ಬಾತಿನ ಮಾಂಸ, ಮೊಟ್ಟೆಯೇ ಬೇಕಿದ್ದರೆ ಖಾಕಿ ಕ್ಯಾಂಪ್‌ಬೆಲ್ ತಳಿ ಸಾಕಿ. ನಾಟಿಯ ಸಸಿ ಬೇರೂರಿದ ಮೇಲೆ ಗದ್ದೆಗೆ ಬಿಟ್ಟರೆ ಹುಳು, ಕಳೆ ತಿನ್ನುತ್ತವೆ. ತೆನೆ ಬರುವ ಮುನ್ನ ಹೊರತನ್ನಿ. ಕೀಟನಾಶಕ ಸಿಂಪಡಿಸಿದ ಗದ್ದೆಗೆ ಬಿಡಲೇಬೇಡಿ. ಲಸಿಕೆಯ ವೇಳಾಪಟ್ಟಿಯನ್ನು ಪಶುವೈದ್ಯರಿಂದ ಬರೆಸಿಕೊಳ್ಳಿ.

ಈಗಾಗಲೇ ಹಕ್ಕಿ ಹೊಡೆದು ನೋಟಿಸ್ ಬಂದಿದ್ದರೆ, ಯಾವ ಹೇಳಿಕೆಗೂ ಸಹಿ ಹಾಕುವ ಮೊದಲು ಕ್ರಿಮಿನಲ್ ವಕೀಲರನ್ನು ಕಾಣಿ. ಹಣವಿಲ್ಲವೆಂದು ಹಿಂಜರಿಯಬೇಡಿ, ಅರ್ಹರಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿ ಉಚಿತವಾಗಿ ವಕೀಲರನ್ನು ಕೊಡುತ್ತದೆ.