ದಂತಧಾವನ: ಶ್ರಾವಕನಿಗೆ ಶುದ್ಧಿ, ಮುನಿಗೆ ತ್ಯಾಗ

ಮುನಿಗಳಿಗೆ ಆಹಾರದಾನ ನಡೆದ ಮನೆಯಲ್ಲಿ ಮಕ್ಕಳು ಕೇಳುವ ಪ್ರಶ್ನೆಯೊಂದುಂಟು: “ಮಹಾರಾಜರು ಹಲ್ಲುಜ್ಜುವುದಿಲ್ಲವಂತೆ, ನಾವೇಕೆ ಉಜ್ಜಬೇಕು?” ಗದರಿಸಿ ಸುಮ್ಮನಾಗಿಸುವುದು ಇದಕ್ಕೆ ಉತ್ತರವಲ್ಲ. ಕಾರಣವನ್ನರಿಯದ ಮಗು ವ್ರತವನ್ನು ಹಗುರವಾಗಿ ಕಾಣುವುದು. ಇಲ್ಲವೆ ಸೋಮಾರಿತನವನ್ನೇ ವ್ರತವೆಂದು ಬಗೆಯುವುದು.

ಕಡ್ಡಿಯಿಂದ ಹಲ್ಲುಜ್ಜುವ ಪದ್ಧತಿ ನಮ್ಮ ದೇಶದಲ್ಲಿ ಪುರಾತನವಾದುದು. ಹನ್ನೆರಡು ಅಂಗುಲ ಉದ್ದದ, ಕಿರುಬೆರಳಿನಷ್ಟು ದಪ್ಪದ, ಗಂಟಿಲ್ಲದ ನೇರವಾದ ಕಡ್ಡಿಯನ್ನು ಸುಶ್ರುತಸಂಹಿತೆಯು ವಿಧಿಸಿದೆ. ಕಹಿಯಲ್ಲಿ ಬೇವು, ಒಗರಿನಲ್ಲಿ ಖದಿರ, ಸಿಹಿಯಲ್ಲಿ ಹಿಪ್ಪೆ, ಖಾರದಲ್ಲಿ ಹೊಂಗೆ ಶ್ರೇಷ್ಠವೆಂದು ಅಲ್ಲಿ ಹೇಳಿದೆ. ತುದಿಯನ್ನು ಜಗಿದು ಕುಂಚದಂತೆ ಮಾಡಿಕೊಂಡು, ಒಸಡಿಗೆ ನೋವಾಗದಂತೆ ಉಜ್ಜಬೇಕು.

ಜೈನ ಗೃಹಸ್ಥಾಚಾರವೂ ಇದನ್ನು ಅಂಗೀಕರಿಸಿದೆ. ಸೋಮದೇವಸೂರಿಗಳು ಕ್ರಿ.ಶ. ೯೫೯ರಲ್ಲಿ ಮುಗಿಸಿದ ಯಶಸ್ತಿಲಕದ ಉಪಾಸಕಾಧ್ಯಯನ ಭಾಗದಲ್ಲಿ, ದೇವಪೂಜೆಗೆ ತೊಡಗುವವನು ದಂತಧಾವನದಿಂದ ಬಾಯನ್ನು ಶುದ್ಧಿಗೊಳಿಸಿ, ವಸ್ತ್ರದಿಂದ ಮುಚ್ಚಿಕೊಳ್ಳಬೇಕೆಂದಿದ್ದಾರೆ.

ಮುನಿಮಾರ್ಗ ಬೇರೆ. ಮುನಿಗಳ ಮೂಲಗುಣಗಳು ೨೮: ಮಹಾವ್ರತ ೫, ಸಮಿತಿ ೫, ಇಂದ್ರಿಯನಿರೋಧ ೫, ಆವಶ್ಯಕ ೬, ಉಳಿದ ೭ರಲ್ಲಿ ಅದಂತಧಾವನವೂ ಒಂದು. ಬೆರಳು, ಉಗುರು, ಕಡ್ಡಿ, ಕಲ್ಲು, ತೊಗಟೆ ಮೊದಲಾದವುಗಳಿಂದ ಹಲ್ಲಿನ ಮಲವನ್ನು ತೆಗೆಯದಿರುವುದು ಸಂಯಮದ ರಕ್ಷಣೆಯೆಂದು ವಟ್ಟಕೇರಾಚಾರ್ಯರ ಮೂಲಾಚಾರವು ತಿಳಿಸುತ್ತದೆ. ಏಕೇಂದ್ರಿಯವಾದ ವನಸ್ಪತಿಗೂ ಇದರಿಂದ ಅಭಯ. ದೇಹದ ಮೇಲಣ ಮಮತೆಗೂ ತಡೆ. ಏಕಭುಕ್ತ, ಸ್ಥಿತಿಭೋಜನಗಳೊಡನೆ ಈ ಗುಣವು ಹೆಣೆದುಕೊಂಡಿದೆ. ಮೂರು ಹೊತ್ತು ಉಣ್ಣುವವನು ಇದೊಂದನ್ನೇ ಕಿತ್ತು ತಂದು ಆಚರಿಸಿದರೆ ಅದು ವ್ರತವಾಗದು, ಅಶುಚಿಯಾದೀತು.

ಹಾಗಾದರೆ ಪರ್ವದಿನಗಳಲ್ಲಿ ಶ್ರಾವಕನ ಕರ್ತವ್ಯವೇನು? ಅಷ್ಟಮಿ ಚತುರ್ದಶಿಗಳ ಉಪವಾಸದಲ್ಲಿ ಚತುರ್ವಿಧ ಆಹಾರದ ತ್ಯಾಗವಿದೆ. ಅಂದು ಸ್ನಾನ, ಅಲಂಕಾರ, ಅಂಜನಾದಿಗಳನ್ನೂ ಬಿಡಬೇಕೆಂದು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹೇಳಿದ್ದಾರೆ. ಹಸಿ ಕಡ್ಡಿಯನ್ನು ಜಗಿದಾಗ ರಸವು ಗಂಟಲಿಗೆ ಇಳಿಯುವ ಸಂಭವವುಂಟು. ಆದುದರಿಂದ ಅಂದು ಕಡ್ಡಿಯನ್ನು ಬಿಡುವುದೇ ಉಪವಾಸದ ಆಶಯಕ್ಕೆ ಒಪ್ಪುವಂಥದು.

ಉಳಿದ ದಿನಗಳಲ್ಲಿ ಗೇಣುದ್ದದ ಕಡ್ಡಿ ಸಾಕು. ಅದಕ್ಕಾಗಿ ಕೊಂಬೆಯನ್ನೇ ಮುರಿಯುವುದು ಸಲ್ಲದು. ನಿಷ್ಪ್ರಯೋಜನವಾದ ವನಸ್ಪತಿಚ್ಛೇದವನ್ನು ರತ್ನಕರಂಡಕವು ಪ್ರಮಾದಚರ್ಯೆಯೆಂಬ ಅನರ್ಥದಂಡದಲ್ಲಿ ಎಣಿಸಿದೆ.

ಮಗುವಿಗೆ ಹೇಳಬೇಕಾದುದು ಇಷ್ಟೇ: “ಮಹಾರಾಜರು ಎಲ್ಲವನ್ನೂ ಬಿಟ್ಟ ಮೇಲೆ ಇದನ್ನೂ ಬಿಟ್ಟರು. ನೀನು ಮೊದಲು ಗಿಡಕ್ಕೆ ವೃಥಾ ನೋವು ಕೊಡುವುದನ್ನು ಬಿಡು. ಹಲ್ಲುಜ್ಜಿ, ಶುದ್ಧವಾದ ಬಾಯಿಂದ ಣಮೋಕಾರ ಹೇಳು.”